ಖಾಲಿ ಪೆಟ್ಟಿಗೆಗಳ ಪ್ರಾರ್ಥನೆ

ಆಕೆಗೆ ದೇವರ ಕರೆ ಬಂದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಹಬೆ, ಸೋಡಾ, ಕೀವು ಹತ್ತಿದ ಹಾಸಿಗೆ ಬಟ್ಟೆ, ಮೊಣಕೈವರೆಗೆ ಸುಲಿದ ಚರ್ಮ. ಒಂದು ಮಧ್ಯಾಹ್ನ ಮಿಷನ್ನಿನ ಮುದುಕಿಯೊಬ್ಬಳು ಒಳಗೆ ಬಂದು, ಕಲ್ಲಿದ್ದಲ ಗಣಿಗಳ ಕಡೆ ಹೋಗಲು ಯಾರೂ ಇಲ್ಲ, ಅಲ್ಲಿ ಹೆಣ ಮುಟ್ಟುವವರೂ ಇಲ್ಲ, ನಿಮ್ಮಲ್ಲಿ ಯಾರು ಬರುತ್ತೀರಿ ಎಂದು ಕೇಳಿದಳು. ಉಳಿದ ಹೆಂಗಸರು ತಲೆ ತಗ್ಗಿಸಿ ಬಟ್ಟೆ ಹಿಂಡಿದರು. ಈಕೆಯ ಕೈ ಮೇಲೆದ್ದಿತು. ತಾನು ಎತ್ತಿದ್ದಲ್ಲ, ಯಾರೋ ಹಿಡಿದೆತ್ತಿದ ಹಾಗಾಯಿತು ಎಂದು ಆಮೇಲೆ ಹೇಳುತ್ತಿದ್ದಳು.

ಮನೆಯಲ್ಲಿ ತಾಯಿ ಪಾತ್ರೆ ಕುಕ್ಕಿದಳು. "ದೇವರು ಕರೆದನಂತೆ! ಹುಟ್ಟಿದಾಗಿಂದ ನಾನು ಕರೀತಿದ್ದೀನಿ, ಒಂದು ಸಲಾನೂ ಓಗೊಡದವಳು!"

"ನಗಬೇಡಮ್ಮ."

"ನಗೋಕೆ ನನಗೇನು ಬಂದಿದೆ? ಮದುವೆ ಬೇಡ ಅಂತ ನೆಟ್ಟಗೆ ಹೇಳೇ. ಅದಕ್ಕೆ ದೇವರನ್ನ ಯಾಕೆ ಎಳೀತೀಯ?"

ತಾಯಿ ಪೂರ್ತಿ ತಪ್ಪೇನೂ ಹೇಳಿರಲಿಲ್ಲ. ಅಪ್ಪನಂಥ ಇನ್ನೊಬ್ಬ ಕುಡುಕನ ಅಂಗಿ ಒಗೆಯುತ್ತ ಸಾಯುವುದು ಮಗಳಿಗೆ ಬೇಕಿರಲಿಲ್ಲ. ಆದರೆ ಎದ್ದ ಕೈಯೂ ಸುಳ್ಳಲ್ಲ. ಎರಡೂ ನಿಜವಾಗಿರುವುದು ನಮ್ಮಂಥವರ ಬದುಕಿನಲ್ಲಿ ಹೊಸದೇನಲ್ಲ.

ಮಿಷನ್ನಿಗೆಲ್ಲ ಹಿರಿಯರಾದ ದೊಡ್ಡ ಅಯ್ಯನವರು ಸಭೆಯ ಮುಂದೆ ಅವಳನ್ನು ಮೊಣಕಾಲೂರಿಸಿ ತಲೆಯ ಮೇಲೆ ಕೈಯಿಟ್ಟರು. "ಕಳಿಸಿದ ಕಡೆ ಹೋಗ್ತೀಯಾ? ಹೇಳಿದ್ದನ್ನ ಮಾಡ್ತೀಯಾ?" "ಮಾಡ್ತೀನಿ" ಎಂದಳು. ತಲೆಯ ಮೇಲಿದ್ದದ್ದು ದೇವರ ಕೈಯೇ ಎಂದು ನಂಬಿದ್ದಳು. ಅವಳು ಮಾಡಿದ ತಪ್ಪೆಲ್ಲ ಅಲ್ಲಿಂದಲೇ ಶುರು.

ಗಣಿಯ ಲೈನ್ ಮನೆಗಳೆಂದರೆ ತಗಡಿನ ಸಾಲು, ಕರಿಧೂಳು, ಉಗುಳಿದರೂ ಕಪ್ಪು. ಕೆಳಗೆ ಸತ್ತವರನ್ನು ಕಂಪನಿ ಗೋಣಿಯಲ್ಲಿ ಸುತ್ತಿ ಬಾಗಿಲಲ್ಲಿ ಇಳಿಸಿ ಹೋಗುತ್ತಿತ್ತು. ಬಿಚ್ಚಲು ಯಾರಿಗೂ ಎದೆಯಿಲ್ಲ. ಈಕೆ ಬಿಚ್ಚಿದಳು. ಬಿಸಿನೀರು ಕಾಯಿಸಿ, ಕಣ್ಣಿನ ಮೂಲೆಯಿಂದ ಹಿಡಿದು ಕಿವಿಯ ಸಂದಿಯವರೆಗೆ ಧೂಳು ತೆಗೆದು, ತಲೆ ಬಾಚಿ, "ಬಾರವ್ವ, ನಿನ್ನ ಗಂಡನ್ನ ನೋಡು" ಎಂದು ಹೆಂಡತಿಯನ್ನು ಕರೆಯುತ್ತಿದ್ದಳು. ಮುಖ ತೊಳೆದು ತೋರಿಸದೆ ಯಾರನ್ನೂ ಮಣ್ಣಿಗೆ ಕೊಡುವುದಿಲ್ಲ ಎಂಬುದು ಅವಳು ಹಾಕಿದ ಕಟ್ಟುಪಾಡು. ಅವಳಿಂದ ಎಷ್ಟು ಜನ ಕ್ರಿಸ್ತನ ಕಡೆ ಬಂದರು ಎಂದರೆ ಹೇಳಿಕೊಳ್ಳುವಂಥದ್ದೇನಿಲ್ಲ. ಆದರೆ ಲೈನಿನ ಹೆಂಗಸರು ಅವಳನ್ನು ಸಿಸ್ಟರಕ್ಕ ಎನ್ನುತ್ತಿದ್ದರು, ಸಾವಿನ ವಿಷಯದಲ್ಲಿ ಅವಳು ಹೇಳಿದ್ದೇ ಅವರಿಗೆ ಕೊನೆ ಮಾತು. ಅವಳು ತಲೆಯಾಡಿಸಿದರೆ ಸತ್ತ ಹಾಗೆ.

ಆಮೇಲೆ ಒಂದು ಬೆಳಿಗ್ಗೆ ಗಣಿಯೊಳಗೆ ಬೆಂಕಿ ಬಿತ್ತು. ಒಂದಿಡೀ ಪಾಳಿಯ ಗಂಡಸರು ಕೆಳಗೇ ಉಳಿದರು. ಯಾರೂ ಬದುಕಿಲ್ಲ, ಗಣಿಯ ಬಾಯಿಗೆ ಮರಳು ತುಂಬಿ ಗಾಳಿ ಕಟ್ಟದಿದ್ದರೆ ಕಲ್ಲಿದ್ದಲೆಲ್ಲ ಸುಟ್ಟುಹೋಗುತ್ತದೆ ಎಂದಿತು ಕಂಪನಿ. ಹೆಂಗಸರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಗಣಿಯ ಬಾಯಿಗೆ ಅಡ್ಡ ಕೂತರು. "ಮುಖ ತೋರ್ಸಿ, ಆಮೇಲೆ ಮುಚ್ಚಿ." ಮರಳಿನ ಲಾರಿಗಳು ನಿಂತಲ್ಲೇ ನಿಂತವು. ಅವುಗಳ ಹಿಂದೆ ಲಾಠಿ ಹಿಡಿದವರ ಸಾಲು.

ಕೆಳಗೇ ಉಳಿದಿದ್ದ ಪಂಪು ನಡೆಸುವವನ ಹೆಂಡತಿ ಸಿಸ್ಟರಕ್ಕನ ಕೈ ಹಿಡಿದು ಎಳೆದೊಯ್ದಳು. ಕೆಳಕ್ಕೆ ಗಾಳಿ ಕಳಿಸುವ ಕಬ್ಬಿಣದ ಪೈಪು ಅಲ್ಲಿತ್ತು. "ಕಿವಿ ಇಡು. ನಂಗೆ ಭ್ರಮೆ ಅಂತಾರೆ. ನೀನು ಹೇಳು."

ಇಟ್ಟಳು. ಟಣ್, ಟಣ್, ಟಣ್. ನಿಂತಿತು. ಮತ್ತೆ ಟಣ್, ಟಣ್, ಟಣ್.

"ಕೇಳಿ ಬರ್ತೀನಿ, ಇರು" ಎಂದು ಎದ್ದಳು.

ಯಾರನ್ನು ಕೇಳಲು? ಕಂಪನಿಯ ಜೀಪಿನಲ್ಲೇ ಬಂದಿಳಿದಿದ್ದ ದೊಡ್ಡ ಅಯ್ಯನವರನ್ನು. ಮಿಷನ್ ಮನೆ, ಔಷಧಿ ಕೋಣೆ, ಪ್ರಾರ್ಥನಾ ಮಂದಿರ ಎಲ್ಲವೂ ಕಂಪನಿಯ ಜಾಗದಲ್ಲಿದ್ದವು ಎಂಬುದನ್ನು ಓದುವವರು ಮರೆಯಬಾರದು.

"ಅಯ್ಯನವರೇ, ಪೈಪಲ್ಲಿ ಯಾರೋ ಬಡೀತಿದ್ದಾರೆ."

"ಕಾದ ಕಬ್ಬಿಣ ಸದ್ದು ಮಾಡುತ್ತೆ ಅಂತ ಎಂಜಿನಿಯರು ಹೇಳಿದ್ದಾರೆ. ಅವರಿಗಿಂತ ನಿನಗೆ ಹೆಚ್ಚು ಗೊತ್ತಾ ತಾಯಿ?"

"ಗೊತ್ತಿಲ್ಲ. ಆದ್ರೆ ಕೇಳಿಸ್ತು."

"ಸಂಜೆಯೊಳಗೆ ಆ ಹೆಂಗಸರು ಏಳದಿದ್ದರೆ ಲಾಠಿ ಬೀಳುತ್ತೆ. ಹಸುಗೂಸುಗಳಿವೆ. ಆ ರಕ್ತ ನಿನ್ನ ತಲೆ ಮೇಲೆ. ಹೆಣದ ಪೆಟ್ಟಿಗೆ ತರಿಸಿದ್ದೀನಿ, ನೀನು ಸತ್ತವರ ಪ್ರಾರ್ಥನೆ ಮಾಡು. ನೀನು ಮಾಡಿದ್ರೆ ಏಳ್ತಾರೆ."

"ಮುಖ ನೋಡದೆ ಹೇಗೆ ಮಾಡ್ಲಿ?"

"ಕಳಿಸೋವಾಗ ನಿನ್ನನ್ನ ಏನು ಕೇಳಿದ್ದೆ?"

ಅವಳು ಹೋಗಿ ನೀರೂ ಬಟ್ಟೆಯೂ ತಂದಳು.

ಹೊಸ ಮರದ ವಾಸನೆಯ ಖಾಲಿ ಪೆಟ್ಟಿಗೆಗಳನ್ನು ಹೆಂಗಸರ ಮುಂದೆ ಸಾಲಾಗಿ ಇಟ್ಟರು. ತೊಳೆಯಲು ಒಳಗೆ ಯಾರೂ ಇಲ್ಲ. ಆಕೆ ಒದ್ದೆ ಬಟ್ಟೆ ಹಿಂಡಿ ಒಂದೊಂದು ಮುಚ್ಚಳವನ್ನೂ ಒರೆಸಿದಳು. ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿದಳು. ಹೆಂಗಸರು ಪೈಪಿನ ಕಡೆ ನೋಡಿದರು, ಅವಳ ಕಡೆ ನೋಡಿದರು. ಮೊದಲು ಒಬ್ಬ ಮುದುಕಿ ಗೋಳೋ ಎಂದಳು. ಅಲ್ಲಿಗೆ ಮುಗಿಯಿತು. ಒಬ್ಬೊಬ್ಬರಾಗಿ ಎದ್ದರು. ಪಂಪಿನವನ ಹೆಂಡತಿ ಎಲ್ಲರಿಗಿಂತ ಕೊನೆಗೆ ಎದ್ದಳು. ಅವಳ ಸೆರಗು ದಾರಿ ಬಿಡುವ ಮೊದಲೇ ಲಾರಿಗಳು ಮರಳು ಸುರಿಯತೊಡಗಿದವು.

ಬೆಂಕಿ ಆರಿದ ಮೇಲೆ ಕಂಪನಿಯೇ ಗಣಿ ತೆಗೆಸಿತು. ಹೆಣಕ್ಕಾಗಿ ಅಲ್ಲ, ಕಲ್ಲಿದ್ದಲಿಗಾಗಿ. ಸತ್ತವರಲ್ಲಿ ಬೆಂಕಿ ತಗುಲದವರೂ ಇದ್ದರು. ಪೈಪಿನ ಬುಡದಲ್ಲಿ ಒಬ್ಬರಿಗೊಬ್ಬರು ಒರಗಿ ಕೂತಿದ್ದರಂತೆ. ಪೈಪಿನ ಮೈ ಒಂದೇ ಕಡೆ ಜಜ್ಜಿ ತಗ್ಗಾಗಿತ್ತಂತೆ.

ಪಂಪಿನವನ ಹೆಂಡತಿ ಮಿಷನ್ ಮನೆಯ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ.

"ನಿಂಗೂ ಕೇಳಿಸಿತ್ತು."

"ಹ್ಞೂಂ."

"ಕಿವಿ ಇಟ್ಟಾಗ ನಿನ್ನ ಮುಖ ನೋಡಿದ್ದೆ ಕಣೇ. ಗೊತ್ತಾಗಿತ್ತು. ಆದ್ರೂ ನೀನು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದೆ ನೋಡು, ನನ್ನ ಕಿವೀನೇ ಸುಳ್ಳು ಅಂದ್ಕೊಂಡೆ. ನಿನ್ನ ನಂಬಿ ನನ್ನ ಗಂಡನ್ನ ಬಿಟ್ಟು ಎದ್ದು ಬಂದೆ."

ಸಿಸ್ಟರಕ್ಕ ಕಾಲಿಗೆ ಬಗ್ಗಿದಳು. ಅವಳು ಕಾಲು ಹಿಂದಕ್ಕೆಳೆದುಕೊಂಡಳು. "ಅದೆಲ್ಲ ಬೇಡ. ಕೇಸು ಹಾಕಿದ್ದೀವಿ. ಬಂದು ಹೇಳ್ತೀಯಾ?"

"ಹೇಳ್ತೀನಿ."

"ಅಯ್ಯನೋರು ಬಿಡ್ತಾರಾ?"

"ಬಿಡಲ್ಲ. ಆದ್ರೂ ಹೇಳ್ತೀನಿ."

ಬಿಡಲಿಲ್ಲ. ಮಿಷನ್ನಿಂದ ಹೊರಗೆ ಹಾಕಿದರು, ಮನೆಗೆ ಬೀಗ ಜಡಿದರು. ಲೈನಿನಲ್ಲಿ ಯಾರೂ ಜಾಗ ಕೊಡಲಿಲ್ಲ. ಔಷಧಿ ಕೋಣೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಮಲಗಿ, ವಿಚಾರಣೆಯ ದಿನ ಕೋರ್ಟಿಗೆ ಹೋದಳು. ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಹೇಳಿದಳು. ಹೆಂಗಸರ ಕಣ್ಣಲ್ಲಿ ಒಂದಿಷ್ಟು ಜೀವ ಬಂತು.

ಕಂಪನಿಯ ವಕೀಲ ಕೂಗಾಡಲಿಲ್ಲ. ತಣ್ಣಗೆ ಕೇಳಿದ. "ಸದ್ದು ಕೇಳಿಸಿತು ಅಂತೀರಿ. ಸತ್ತವರಿಗೆ ಮಾತ್ರ ಮಾಡೋ ಪ್ರಾರ್ಥನೇನ ಅದಾದ ಮೇಲೆ ಮಾಡಿದ್ದೀರಿ. ಬದುಕಿದ್ದಾರೆ ಅಂತ ಗೊತ್ತಿದ್ದೂ ಮಾಡಿದ್ರಾ?"

"ಮಾಡು ಅಂದ್ರು. ಮಾಡಿದೆ."

"ಅಂದ್ರೆ ಆಗ ದೇವರ ಮುಂದೆ ಸುಳ್ಳು ಹೇಳಿದ್ರಿ. ಇಲ್ಲಾ, ಈಗ ನಮ್ಮ ಮುಂದೆ ಹೇಳ್ತಿದ್ದೀರಿ. ಯಾವುದು?"

"ಆಗ" ಎಂದಳು. ಸ್ವರ ಮುಂದಿನ ಸಾಲಿನವರೆಗೂ ತಲುಪಲಿಲ್ಲ. ವಕೀಲ ನಕ್ಕು ಕೂತ. ಸತ್ತಿದ್ದಾರೆಂದು ಅವರ ಸಿಸ್ಟರಕ್ಕನೇ ನಂಬಿ ಪ್ರಾರ್ಥಿಸಿದ್ದ ಮೇಲೆ ಕಂಪನಿ ನಂಬಿದ್ದರಲ್ಲಿ ತಪ್ಪೇನಿದೆ ಎಂದು ತೀರ್ಪಾಯಿತು.

ಹೆಂಗಸರು ಗುಂಪಾಗಿ ಲೈನಿನ ಕಡೆ ನಡೆದರು. ಸಿಸ್ಟರಕ್ಕ ಒಂದಷ್ಟು ಹಿಂದೆ ನಡೆದಳು. ಬಾ ಎಂದು ಯಾರೂ ಅನ್ನಲಿಲ್ಲ. ಪಂಪಿನವನ ಹೆಂಡತಿ ಒಂದು ಸಲ ತಿರುಗಿ ನೋಡಿದಳು, ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಮುಂದಕ್ಕೆ ಹೋದಳು.