ಬಲಗಾಳಿಯ ದೋಣಿ

ಅಗಸೆ ಎಣ್ಣೆಯ ವಾಸನೆ ಬಂದರೆ ನನಗೆ ಇವತ್ತಿಗೂ ಮೊದಲು ಹಸಿವಾಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಈಚೆಗೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿರುವ ನಮ್ಮ ಮನೆಯ ಬಾಗಿಲುಗಳಿಗೆ ಎಣ್ಣೆ ಹಚ್ಚಲು ಬಂದವನು ಡಬ್ಬಿಯ ಮುಚ್ಚಳ ತೆಗೆದ. ಒಲೆಯ ಮುಂದಿದ್ದ ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತೆ. ಹರಿಹರದ ಹೊಳೆದಂಡೆಯಲ್ಲಿದ್ದ ನಮ್ಮ ಹಳೆಯ ಮನೆಯಲ್ಲಿ ಈ ವಾಸನೆ ಎರಡು ಕಡೆಯಿಂದ ಬರುತ್ತಿತ್ತು. ಅಡುಗೆಮನೆಯಲ್ಲಿ ಅಜ್ಜಿ ಚಟ್ನಿಪುಡಿಗೆಂದು ಅಗಸೆ ಹುರಿಯುತ್ತಿದ್ದಳು. ಹಿತ್ತಲಲ್ಲಿ ಚಿಕ್ಕಪ್ಪ ಅಗಸೆ ಎಣ್ಣೆಗೆ ರಾಳದ ಪುಡಿ ಹಾಕಿ ಕಾಯಿಸಿ ದೋಣಿಯ ಹಲಗೆಗಳಿಗೆ ಉಜ್ಜುತ್ತಿದ್ದ. ಎರಡೂ ಹೊಗೆ ಪಡಸಾಲೆಯಲ್ಲಿ ಕೂಡಿಕೊಂಡಾಗ ರೊಟ್ಟಿಯ ಜೊತೆ ದೋಣಿಯನ್ನೂ ತಿನ್ನುತ್ತಿದ್ದೇವೇನೋ ಅನ್ನಿಸುತ್ತಿತ್ತು. ಹುಟ್ಟಿದ ಮನೆ ಪಾಲಾಗಿ, ಮಾರಾಟವಾಗಿ, ಬೇರೆಯವರ ಗೋಡೆಯಾಗಿ ನಿಂತದ್ದನ್ನು ನೀವೂ ಕಂಡಿದ್ದರೆ, ವಾಸನೆಯೊಂದೇ ಯಾರ ಪಾಲಿಗೂ ಹೋಗದೆ ಉಳಿಯುತ್ತದೆ ಎಂಬುದು ನಿಮಗೆ ಗೊತ್ತಿರುತ್ತದೆ.

ಆ ಮನೆ ಮೂವರು ಅಣ್ಣತಮ್ಮಂದಿರದು. ದೊಡ್ಡಪ್ಪ ದಾವಣಗೆರೆಯ ಪೇಟೆಯಲ್ಲಿ ದಲಾಲಿ ಅಂಗಡಿ ನಡೆಸುತ್ತಿದ್ದರು. ಅವರು ಹೇಳಿದ್ದು ಮನೆಯಲ್ಲಿ ಕೊನೆಯ ಮಾತು. ನನ್ನ ಅಪ್ಪ ಅದೇ ಅಂಗಡಿಯಲ್ಲಿ ಅಣ್ಣನ ಪಕ್ಕ ಕೂತು ಅಣ್ಣನ ಮಾತಿಗೆ ತಲೆಯಾಡಿಸುವ ಕೆಲಸ ಮಾಡುತ್ತಿದ್ದರು. ಚಿಕ್ಕಪ್ಪ ನೌಕಾಪಡೆಯಲ್ಲಿದ್ದು, ಮೊಣಕಾಲು ಕೆಡಿಸಿಕೊಂಡು ಊರಿಗೆ ಮರಳಿದವನು. ಮದುವೆ ಬೇಡವೆಂದ, ಅಂಗಡಿಯೂ ಬೇಡವೆಂದ. "ಇಷ್ಟು ದೊಡ್ಡ ಹೊಳಿ ಮನಿ ಮುಂದೈತೆ, ಒಬ್ಬ ಹುಡುಗನಿಗೂ ಸರಿಯಾಗಿ ಈಜು ಬರಂಗಿಲ್ಲ, ಇದೆಂಥ ಊರ್ರೀ" ಎಂದು ಹಿತ್ತಲಲ್ಲಿ ಪ್ಲೈವುಡ್ ಕೊಯ್ಯಲು ಶುರುಮಾಡಿದ. ಎರಡು ವರ್ಷದಲ್ಲಿ ಮೂರು ಪುಟ್ಟ ಹಾಯಿದೋಣಿಗಳಾದವು. ಎದುರು ಮನೆಯ ದರ್ಜಿ ಇಮಾಮ್ ಸಾಬರು ಮಿಲ್ಲಿನ ದಪ್ಪ ಬಟ್ಟೆಯಲ್ಲಿ ಹಾಯಿ ಹೊಲಿದರು, ಥರ್ಮಾಕೋಲ್ ತುಂಬಿ ತೇಲುವ ಜಾಕೆಟ್ ಹೊಲಿದರು. ಅಲ್ಲಿಯವರೆಗೆ ನಾವೆಲ್ಲ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ನೀರಿಗಿಳಿದವರು. ಇಮಾಮ್ ಸಾಬರ ಮಗಳು ನಸೀಮಾ ನನ್ನ ತರಗತಿಯವಳು, ನನ್ನ ದೋಣಿಯವಳು. ನಾನು ಚುಕ್ಕಾಣಿ ಹಿಡಿದರೆ ಅವಳು ಮುಂದಿನ ಹಾಯಿ ಹಿಡಿಯುತ್ತಿದ್ದಳು. ಇನ್ನೊಂದು ದೋಣಿ ದೊಡ್ಡಪ್ಪನ ಮಗ ಮಹೇಶನದು. ಮೂರನೆಯದನ್ನು ಓಣಿಯ ಕೊಟ್ರೇಶ ನಡೆಸುತ್ತಿದ್ದ.

ಪಾಠ ನಡೆಯುತ್ತಿದ್ದದ್ದು ಪಡಸಾಲೆಯಲ್ಲಿ. ಚಿಕ್ಕಪ್ಪ ಇಮಾಮ್ ಸಾಬರಿಂದ ತಂದ ಬಟ್ಟೆ ಗೆರೆಯುವ ಚಾಕ್‌ನಿಂದ ನೆಲದ ಮೇಲೆ ಹೊಳೆ ಬರೆಯುತ್ತಿದ್ದ, ಗಾಳಿಗೆ ಒಂದು ಬಾಣ ಹಾಕುತ್ತಿದ್ದ. ಅಜ್ಜಿಯ ವೀಳ್ಯದೆಲೆಗಳೇ ದೋಣಿಗಳು. ಎಲೆಯ ತುದಿ ದೋಣಿಯ ಮೂತಿ, ತೊಟ್ಟು ಚುಕ್ಕಾಣಿ, ಒಂದು ಮಗ್ಗುಲು ಮಡಚಿದರೆ ಅದು ಹಾಯಿ. ಗಾಳಿ ಬಲಗಡೆಯಿಂದ ಬಡಿಯುತ್ತಿರುವ ದೋಣಿಗೆ, ಅಂದರೆ ಬಲಗಾಳಿಯ ದೋಣಿಗೆ, ದಾರಿ ಬಿಡಬೇಕು, ಎಡಗಡೆಯಿಂದ ಬಡಿಯುತ್ತಿರುವ ಎಡಗಾಳಿಯ ದೋಣಿ ತಪ್ಪಿಸಿಕೊಳ್ಳಬೇಕು. ತಪ್ಪು ಮಾಡಿದವನು ಯಾರೂ ಹೇಳುವ ಮೊದಲೇ ಅಲ್ಲೇ ನೀರಿನ ಮೇಲೆ ಎರಡು ಸುತ್ತು ಹಾಕಿ ಮುಂದೆ ಹೋಗಬೇಕು. ಹಾಕದಿದ್ದರೆ ಎದುರಿನವರು ಕೆಂಪು ಬಟ್ಟೆ ಎತ್ತಿ "ಪ್ರೊಟೆಸ್ಟ್" ಅನ್ನಬೇಕು. ದಂಡೆಗೆ ಬಂದ ಮೇಲೆ ಮೂವರು ಕೂತು ವಿಚಾರಣೆ ಮಾಡುತ್ತಾರೆ. ಅಜ್ಜಿ ಗೋಡೆಗೊರಗಿ ಕೇಳುತ್ತಾ, "ಎರಡು ಪ್ರದಕ್ಷಿಣಿ ಹಾಕಿದ್ರೆ ಮುಗೀತಲ್ಲ, ದೇವ್ರೂ ಅದಕ್ಕಿಂತ ಹೆಚ್ಚು ಕೇಳಲ್ಲ" ಎನ್ನುತ್ತಿದ್ದಳು. ಪಾಠ ಮುಗಿದ ಮೇಲೆ ದೋಣಿಗಳನ್ನು ಒರೆಸಿ, ಸುಣ್ಣ ಹಚ್ಚಿ, ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. "ಇದು ಮಹೇಶಂದು, ಭಾಳ ಖಾರ ಐತೆ" ಎಂದು ಒಮ್ಮೆ ಹೇಳಿದ್ದಳು.

ಎಲ್ಲ ನಿಯಮಕ್ಕೂ ಮೊದಲು ಒಂದಿತ್ತು. ನೀರಿಗೆ ಬಿದ್ದು ಒದ್ದಾಡುವವರನ್ನು ಕಂಡರೆ, ಅದು ನಿನ್ನ ಶತ್ರುವೇ ಆಗಿರಲಿ, ಪಂದ್ಯ ಬಿಟ್ಟು ಹೋಗಬೇಕು. ಬಿದ್ದವರ ಮೇಲ್ಗಾಳಿಯಿಂದ, ಅಂದರೆ ಗಾಳಿ ಬರುವ ಕಡೆಯಿಂದ, ಹೋದರೆ ದೋಣಿಯೇ ಅವರ ಮೇಲೆ ಹರಿಯುತ್ತದೆ, ಆದ್ದರಿಂದ ಕೆಳಗಾಳಿಯಿಂದ ಹತ್ತಿರವಾಗಿ, ಹಾಯಿ ಸಡಿಲಿಸಿ, ಹಿಂಬದಿಯಿಂದ ಎಳೆದುಕೊಳ್ಳಬೇಕು. ಹಾಗೆ ನಿಂತು ಸೋತವರಿಗೆ ಅವರ ಸ್ಥಾನ ತಿರುಗಿ ಸಿಗಬೇಕು. ಕೇಳಿ ಪಡೆಯಬೇಕು, ಅಷ್ಟೇ.

ಹೊಳೆಯ ಕೆಂಪುನೀರು ಇಳಿದು ತಿಳಿಯಾಗುವುದು ದೀಪಾವಳಿಯ ಹೊತ್ತಿಗೆ. ಮೂಡಗಾಳಿ ಆಗಲೇ ಏಳುತ್ತಿತ್ತು. ತೊಂಬತ್ತೇಳರಲ್ಲಿ ಚಿಕ್ಕಪ್ಪ ಮೊದಲ ಪಂದ್ಯ ಇಟ್ಟ. ಸುತ್ತಿ ಬರಲೆಂದು ಸುಣ್ಣ ಬಳಿದ ಎರಡು ಪೀಪಾಯಿಗಳನ್ನು ನೀರಿನಲ್ಲಿ ಲಂಗರು ಹಾಕಿ ನಿಲ್ಲಿಸಿದ್ದ. ಗೆದ್ದ ದೋಣಿಯ ಇಬ್ಬರನ್ನು ಕಾರವಾರಕ್ಕೆ ಕರೆದೊಯ್ದು, ತನ್ನ ಹಳೆಯ ಗೆಳೆಯನ ಹತ್ತಿರ ಒಂದು ವಾರ ಸಮುದ್ರದ ಮೇಲೆ ದೋಣಿ ನಡೆಸಲು ಬಿಡುವುದಾಗಿ ಹೇಳಿದ್ದ. ನಾನಾಗಲಿ ನಸೀಮಾ ಆಗಲಿ ಸಮುದ್ರ ಕಂಡವರಲ್ಲ. ಕೊನೆಯ ಸುತ್ತಿನಲ್ಲಿ ನಾವು ಮುಂದಿದ್ದೆವು, ಗಾಳಿ ನಮ್ಮ ಬಲಕ್ಕಿತ್ತು. ಮಹೇಶ ಎಡಗಾಳಿಯಲ್ಲಿ ನೇರ ನುಗ್ಗಿ ಬಂದು ನಮ್ಮ ದೋಣಿಯ ಪಕ್ಕೆಗೆ ಗುದ್ದಿದ. ನಾವು ನಿಂತುಬಿಟ್ಟೆವು. ಅವನು ಸುತ್ತು ಹಾಕಲಿಲ್ಲ, ತಿರುಗಿಯೂ ನೋಡದೆ ಗುರಿಯ ಗೆರೆ ದಾಟಿದ. ನಸೀಮಾ ಎತ್ತಿದ ಕೆಂಪು ಬಟ್ಟೆಯನ್ನು ದಂಡೆಯ ಮೇಲಿದ್ದವರೆಲ್ಲ ನೋಡಿದರು, ಗಾಳಿ ಯಾರ ಬಲಕ್ಕಿತ್ತೆಂಬುದು ಮಾತ್ರ ಅಷ್ಟು ದೂರದಿಂದ ಯಾರಿಗೂ ತಿಳಿಯಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ವಿಚಾರಣೆ. ಚಿಕ್ಕಪ್ಪ, ಅಜ್ಜಿ, ಮತ್ತು ಯಾರೂ ಕರೆಯದೆ ಬಂದು ನಡುವೆ ಕೂತ ದೊಡ್ಡಪ್ಪ. ಮಹೇಶ ವೀಳ್ಯದೆಲೆ ಇಟ್ಟು ತೋರಿಸಿದ. ನನ್ನ ಎಲೆಯನ್ನು ಎಡಗಾಳಿಗೆ, ತನ್ನದನ್ನು ಬಲಗಾಳಿಗೆ ಇಟ್ಟ. ಅವನ ದೋಣಿಯ ಜೊತೆಗಾರ, "ನಾನು ನೀರು ಎತ್ತಿ ಹಾಕ್ತಿದ್ದೆ, ನೋಡ್ಲಿಲ್ಲ" ಅಂದ. ನಸೀಮಾ ನಡೆದದ್ದನ್ನು ನಡೆದಂತೆ ಹೇಳಿದಳು. ದೊಡ್ಡಪ್ಪ ಅವಳತ್ತ ನೋಡದೆಯೇ, "ಒಂದೇ ದೋಣ್ಯಾಗ ಕುಂತೋರು ಒಂದೇ ಬಾಯಾಗ ಮಾತಾಡ್ತಾರೆ. ಸೋತ ಸಿಟ್ಟಿಗೆ ಸುಳ್ಳು ಹೇಳೋದು ಕಲೀಬ್ಯಾಡ್ರಿ" ಅಂದರು. ಅಜ್ಜಿ ಕಿರಿಯ ಮಗನ ಮುಖ ನೋಡಿದಳು. ಚಿಕ್ಕಪ್ಪ ನೆಲದ ಮೇಲಿನ ಚಾಕ್ ಗೆರೆಯನ್ನು ಅಂಗೈಯಿಂದ ಒರೆಸುತ್ತಾ ಕೂತಿದ್ದ. ಅಪ್ಪ ಕಂಬಕ್ಕೊರಗಿ ತಲೆಯಾಡಿಸಿದರು. ಮಹೇಶ ಕಾರವಾರಕ್ಕೆ ಹೋದ. ಬರುವಾಗ ಮನೆಮಂದಿಗೆಲ್ಲ ಕಪ್ಪೆಚಿಪ್ಪು ತಂದ. ನಸೀಮಾಳ ಕೈಗೂ ಒಂದನ್ನು ಇಟ್ಟು, "ಸಮುದ್ರ ಹಿಂಗೇ ವಾಸನಿ ಇರ್ತೈತೆ, ಮೂಸಿ ನೋಡು, ಸಾಕು" ಅಂದ. ಅವಳು ಮೂಸಿ ನೋಡಿ, "ನಿನ್ನ ಕಾಲ್ಚೀಲನೂ ಹಿಂಗೇ ಐತೆ ಮಾರಾಯ, ಅಷ್ಟು ದೂರ ಯಾಕ ಹೋದೆ" ಎಂದು ವಾಪಸು ಕೊಟ್ಟಳು. ಮನೆಗೆ ಹೋಗಿ ಅತ್ತಳಂತೆ. ಸುಳ್ಳುಗಾತಿ ಅನ್ನಿಸಿಕೊಂಡದ್ದಕ್ಕೆ ಅವಳ ಅಪ್ಪ ನಮ್ಮ ಮನೆಯ ಕಡೆ ಒಂದು ತಿಂಗಳು ಕಾಲಿಡಲಿಲ್ಲ.

ಆ ವರ್ಷದ ನನ್ನ ದಿನಚರಿಯಲ್ಲಿ ಬೇರೇನೂ ಇಲ್ಲ. ಗಾಳಿ ಯಾವ ಕಡೆಯದು, ಎಷ್ಟು ಹೊತ್ತು, ಹೊಳೆ ಎಷ್ಟನೇ ಮೆಟ್ಟಿಲಿಗಿದೆ. ಅದರ ಕೆಳಗೆ ಎರಡು ಕಾಲಂ: ಮಹೇಶ ಅಭ್ಯಾಸದಲ್ಲಿ ಮಾಡಿದ ತಪ್ಪು, ಹಾಕಿದ ಸುತ್ತು. ಎರಡನೆಯ ಕಾಲಂ ಕೊನೆಯವರೆಗೂ ಖಾಲಿ ಇತ್ತು. ನನಗೆ ಕಾರವಾರ ಬೇಕಿತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚು, ಅದೇ ಪಡಸಾಲೆಯಲ್ಲಿ, ಅದೇ ಜನರ ಮುಂದೆ, ಗಾಳಿ ನಮ್ಮ ಬಲಕ್ಕಿತ್ತು ಎಂದು ಅವನ ಬಾಯಿಂದಲೇ ಬರಬೇಕಿತ್ತು. ಹದಿಮೂರು ವರ್ಷದ ಹುಡುಗಿಯ ದ್ವೇಷ ಸಣ್ಣದೆಂದು ದೊಡ್ಡವರು ತಿಳಿದಿರುತ್ತಾರೆ. ನಾನು ಅದನ್ನು ಹಬ್ಬಕ್ಕೆ ಕಟ್ಟಿದ ಮೇಕೆಯಂತೆ ಹೊತ್ತುಹೊತ್ತಿಗೆ ಮೇವು ಹಾಕಿ ಬೆಳೆಸಿದೆ. ಅವನು ಎಲ್ಲಿ ಅವಸರಪಡುತ್ತಾನೆ, ಎಲ್ಲಿ ಹೆದರುತ್ತಾನೆ, ಯಾವ ಪೀಪಾಯಿಯ ಹತ್ತಿರ ಎಡಗಾಳಿಗೆ ಬಂದೇ ಬರುತ್ತಾನೆ, ಎಲ್ಲ ನನಗೆ ಕಂಠಪಾಠವಾಯಿತು.

ಮರುವರ್ಷದ ಪಂದ್ಯದಲ್ಲಿ ನಾನು ಗೆಲ್ಲಲು ಹೊರಟಿರಲಿಲ್ಲ, ಅವನನ್ನು ಹುಡುಕಿಕೊಂಡು ಹೊರಟಿದ್ದೆ. ಕೊನೆಯ ಸುತ್ತಿನಲ್ಲಿ ನಾವೇ ಮುಂದಿದ್ದೆವು. ಸುಮ್ಮನೆ ಗೆರೆ ದಾಟಬಹುದಿತ್ತು. ನಾನು ದೋಣಿಯನ್ನು ಬಲಗಾಳಿಗೆ ತಿರುಗಿಸಿಕೊಂಡು, ಅಜ್ಜಿ ಕೂತಿದ್ದ ಸ್ನಾನಘಟ್ಟದ ಎದುರಿಗೇ ಅವನಿಗೆ ಅಡ್ಡವಾಗಿ ಬಂದೆ. ನಿಯಮ ನನ್ನ ಕಡೆಗಿತ್ತು. ನೇರ ಹೋಗುವುದಷ್ಟೇ ನನ್ನ ಕೆಲಸ, ತಪ್ಪಿಸಿಕೊಳ್ಳುವುದು ಅವನದು. "ಬಲಗಾಳಿ" ಎಂದು ಒಮ್ಮೆ ಕೂಗಿದೆ. ಇಡೀ ಊರು ನೋಡುತ್ತಿದೆ ಎಂದು ಅವನಿಗೂ ಗೊತ್ತಾಯಿತು. ಚುಕ್ಕಾಣಿಯನ್ನು ಒಮ್ಮೆಲೇ ತಳ್ಳಿದ. ಹಾಯಿಯ ಕೋಲು ತಿರುಗಿ ಬಂತು, ಅವನೂ ಜೊತೆಗಾರನೂ ಒಂದೇ ಕಡೆ ಉಳಿದರು, ದೋಣಿ ಬುಡಮೇಲಾಯಿತು. ಅವನ ಜೊತೆಗಾರ ದೋಣಿಯ ಹೊಟ್ಟೆ ಹಿಡಿದುಕೊಂಡ. ಮಹೇಶ ಯಾವಾಗಲೂ ಜಾಕೆಟ್ಟಿನ ದಾರ ಕಟ್ಟದೆ, ಎದೆ ತೆರೆದು ಹಾಕಿಕೊಳ್ಳುತ್ತಿದ್ದ. ಅದು ಮೇಲಕ್ಕೇರಿ ಅವನ ಮುಖ ಮುಚ್ಚಿತು. ಎರಡು ಕೈ ಮಾತ್ರ ನೀರಿನ ಮೇಲೆ ಕಾಣುತ್ತಿದ್ದವು. ಚಿಕ್ಕಪ್ಪನ ಹರಿಗೋಲು ದೂರದ ಪೀಪಾಯಿಯ ಹತ್ತಿರವಿತ್ತು.

ಗೆರೆ ನಮ್ಮ ಮುಂದೆಯೇ ಇತ್ತು. ನಾನು ಆ ಕೈಗಳನ್ನು ನೋಡಿದೆ, ಚುಕ್ಕಾಣಿ ತಿರುಗಿಸಲಿಲ್ಲ. "ಕುಡೀಲಿ ಇನ್ನೆರಡು ಗುಟುಕು" ಅಂದೆ. ನಸೀಮಾ ಆಗಲೇ ಹಾಯಿಯ ಹಗ್ಗ ಬಿಚ್ಚುತ್ತಿದ್ದಳು. "ಅರೆ, ಇವನು ಸತ್ತುಹೋದ್ರೆ ಸೇಡು ಯಾರ ಹತ್ರ ತೀರಿಸ್ಕೋತೀಯ? ತಿರುಗ್ಸು ಅಂದ್ರೆ" ಅಂದಳು. ಆ ಮಾತು ನನಗೆ ಸರಿ ಕಂಡಿತು. ಕೆಳಗಾಳಿಯಿಂದ ಹೋಗಿ, ಹಾಯಿ ಸಡಿಲಿಸಿ, ಅವನ ಕೂದಲು ಹಿಡಿದು ಎತ್ತಿದೆ. ಕಾಲರ್ ಸಿಗುತ್ತಿತ್ತು, ನಾನು ಕೂದಲನ್ನೇ ಹಿಡಿದೆ. ಅವನು ನನ್ನ ಕಾಲ ಮೇಲೆ ಹೊಳೆಯನ್ನೆಲ್ಲ ಕಾರಿಕೊಂಡ. ಅಷ್ಟರಲ್ಲಿ ಕೊಟ್ರೇಶ ನಗುತ್ತಾ ಗೆರೆ ದಾಟಿದ್ದ.

ನಿಂತು ಕಳೆದುಕೊಂಡ ಸ್ಥಾನ ಕೊಡಿ ಎಂದು ನಾನು ಪರಿಹಾರ ಕೇಳಿದೆ. ಆ ಸಂಜೆ ಪಡಸಾಲೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಇಮಾಮ್ ಸಾಬರೂ ಬಂದು ಬಾಗಿಲ ಬಳಿ ನಿಂತಿದ್ದರು. ಮಹೇಶ ಅಜ್ಜಿಯ ಕೌದಿ ಹೊದ್ದು ಮೂಲೆಯಲ್ಲಿ ಕೂತಿದ್ದ. ದೊಡ್ಡಪ್ಪ ಅಂಗಡಿಯಿಂದ ಬಂದವರು ಶಲ್ಯ ಕೊಡವಿ, ಚಿಕ್ಕಪ್ಪ ಮತ್ತು ಅಜ್ಜಿಯ ನಡುವೆ ತಮ್ಮ ಜಾಗದಲ್ಲಿ ಕೂತರು.

"ದೊಡ್ಡಪ್ಪ, ನೀವು ಏಳಬೇಕ್ರಿ" ಅಂದೆ.

"ಯಾಕ?"

"ಮಗನ ವಿಷಯದಾಗ ಅಪ್ಪ ನ್ಯಾಯಕ್ಕೆ ಕೂಡಂಗಿಲ್ಲ. ನಿಯಮ ಐತೆ."

ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ ಏಳಿ ಎಂದು ಅಜ್ಜನೂ ಹೇಳಿರಲಿಲ್ಲವಂತೆ. ಅಪ್ಪ ಕಂಬ ಬಿಟ್ಟು ಮುಂದೆ ಬಂದು, "ಗಿರಿಜಾ, ಬಾಯಿ ಮುಚ್ಚು" ಅಂದರು. ದೊಡ್ಡಪ್ಪ ನನ್ನನ್ನು ಬಿಟ್ಟು ತಮ್ಮನ ಕಡೆ ತಿರುಗಿದರು. "ಹೌದೇನೋ? ಹಂಗೈತೇನು?"

ಚಿಕ್ಕಪ್ಪ ಅಣ್ಣನ ದುಡಿಮೆಯಲ್ಲಿ ಉಣ್ಣುತ್ತಿದ್ದವನು. ದೋಣಿಯ ಹಲಗೆಯಿಂದ ಹಿಡಿದು ಎಲ್ಲವೂ ಅಣ್ಣನ ಕೃಪೆ. ಆದರೂ ತಲೆ ಎತ್ತಿ, "ಐತಣ್ಣ" ಅಂದ.

"ಹೋದ ವರ್ಷ ಇರ್ಲಿಲ್ಲೇನು?"

"ಹೋದ ವರ್ಷಾನೂ ಇತ್ತು."

ದೊಡ್ಡಪ್ಪ ಎದ್ದರು. ಮೊಣಕಾಲಿನ ಮೇಲೆ ಕೈಯೂರಿ, ನಿಧಾನವಾಗಿ, ಎಲ್ಲರೂ ನೋಡುತ್ತಿರುವಂತೆ ಎದ್ದು, ಇಮಾಮ್ ಸಾಬರ ಪಕ್ಕದಿಂದಲೇ ಅಂಗಳಕ್ಕೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಅಜ್ಜಿ ನನ್ನ ಅರ್ಜಿಯನ್ನು ಕೇಳಲೇ ಇಲ್ಲ. ಕೌದಿಯ ಕಡೆ ತಿರುಗಿ, "ಲೇ ಮಹೇಶ, ಇವತ್ತಿಂದು ನಾ ಕಣ್ಣಾರೆ ನೋಡೀನಿ, ಅದು ಬಿಡು. ಹೋದ ವರ್ಷ ಗಾಳಿ ಯಾರ ಬಲಕ್ಕಿತ್ತು?" ಎಂದು ಕೇಳಿದಳು. ಅವನು ಅಂಗಳದ ಕಡೆ ನೋಡಿದ. ಅಪ್ಪನ ಬೆನ್ನು ಅಲುಗಲಿಲ್ಲ. "ಅವರ ಬಲಕ್ಕ" ಅಂದ. "ಕೇಳಿಸ್ಲಿಲ್ಲ" ಅಂದೆ ನಾನು. ಅವನು ಇನ್ನೊಮ್ಮೆ ಹೇಳಬೇಕಾಯಿತು. ಇಮಾಮ್ ಸಾಬರು ಮಗಳ ತಲೆಯ ಮೇಲೆ ಕೈಯಿಟ್ಟು ಮನೆಗೆ ಕರೆದುಕೊಂಡು ಹೋದರು.

ಸ್ಥಾನ ನಮಗೆ ತಿರುಗಿ ಸಿಕ್ಕಿತು, ಚಿಕ್ಕಪ್ಪ ನನ್ನನ್ನೂ ನಸೀಮಾಳನ್ನೂ ಕಾರವಾರಕ್ಕೆ ಕರೆದೊಯ್ದ. ವಾರ ಕಳೆದು ಅಪ್ಪ ಕರೆಯಲು ಬಂದಾಗ ಅವನು ನಮ್ಮ ಜೊತೆ ಬಸ್ಸು ಹತ್ತಲಿಲ್ಲ. ಗೆಳೆಯನ ದೋಣಿಶಾಲೆಯಲ್ಲೇ ಉಳಿದುಬಿಟ್ಟ. ನಾವು ಮರಳುವ ಹೊತ್ತಿಗೆ ಮನೆಯಲ್ಲಿ ಒಲೆ ಎರಡಾಗಿದ್ದವು. ಯುಗಾದಿಯ ನಂತರ ಪಡಸಾಲೆಯ ನಡುವೆ ಗೋಡೆ ಎದ್ದಿತು, ಚಾಕ್‌ನಲ್ಲಿ ಹೊಳೆ ಬರೆಯುತ್ತಿದ್ದ ಜಾಗದ ಮೇಲೆಯೇ. ಪಾಲು ಎಂದಾದರೂ ಆಗಬೇಕಿತ್ತು, ನಿನ್ನಿಂದ ಆದದ್ದಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಆದದ್ದು ನನ್ನಿಂದಲೇ ಇರಬಹುದು. ಅಜ್ಜಿ ಒಂದು ತಿಂಗಳು ಆ ಕಡೆ, ಒಂದು ತಿಂಗಳು ಈ ಕಡೆ ಉಂಡು, ಎರಡು ಮಳೆಗಾಲ ಕಂಡು ಹೋದಳು. ಆಮೇಲೆ ಮನೆ ಮಾರಿದರು. ನಾವು ದಾವಣಗೆರೆಗೆ ಬಂದೆವು. ನಸೀಮಾ ಮದುವೆಯಾಗಿ ರಾಣೆಬೆನ್ನೂರಿಗೆ ಹೋದಳು. ಅವಳ ಮಗಳಿಗೆ ಈಜು ಬರುತ್ತದೆ.

ಚಿಕ್ಕಪ್ಪನ ಮಣ್ಣಿಗೆ ಕಾರವಾರದಲ್ಲಿ ನಾವೆಲ್ಲ ಸೇರಿದ್ದೆವು. ಮಹೇಶನೂ ಬಂದಿದ್ದ, ತಲೆ ಅರ್ಧ ಬೆಳ್ಳಗಾಗಿತ್ತು. ಗುಣಿಯ ಆಚೆ ಅವನು, ಈಚೆ ನಾನು. ತಾನು ಮುಳುಗಿದ್ದನ್ನು ಅವನು ಮರೆತಿರಬಹುದು, ಆದರೆ ನಾನು ಕೂದಲು ಹಿಡಿದು ಎತ್ತಿದ್ದನ್ನು ಅವನು ಮರೆತಿಲ್ಲವೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಸುಳ್ಳು ಹೇಳಲಾರೆ, ಅಂಥ ಹೊತ್ತಿನಲ್ಲೂ ಅದು ನನಗೆ ಹಿತವಾಗಿತ್ತು.

ಹರಿಹರದ ಸೇತುವೆ ದಾಟುವಾಗ ಬಸ್ಸಿನಲ್ಲಿ ಎಲ್ಲರೂ ಹೊಳೆಗೆ ಕೈಮುಗಿಯುತ್ತಾರೆ, ಕೆಲವರು ನಾಣ್ಯ ಎಸೆಯುತ್ತಾರೆ. ನಾನು ಕಿಟಕಿಗೆ ಹಣೆ ಹಚ್ಚಿ ಸ್ನಾನಘಟ್ಟದ ಕಡೆ ನೋಡುತ್ತೇನೆ. ದೀಪಾವಳಿಯ ಹೊತ್ತಿಗೆ ನೀರು ಮೊದಲಿನಂತೆಯೇ ತಿಳಿಯಾಗಿರುತ್ತದೆ, ಮೂಡಗಾಳಿ ಅದರ ಮೇಲೆ ಸಣ್ಣಗೆ ಗೆರೆ ಎಳೆಯುತ್ತಿರುತ್ತದೆ. ನಾನು ಗೆದ್ದ ನೀರು ಅದು. ಅದರ ಮೇಲೆ ಈಗ ಯಾರೂ ಇಲ್ಲ.