ಮೋಡದ ಎರಡು ದಿನ

ಶನಿವಾರ, ಬೆಳಿಗ್ಗೆ ಏಳು ಗಂಟೆ. ಹೊನ್ನಾವರದ ಗಾಣದಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿಯ ತಂಗಿ, ಗಾಣದ ಯಜಮಾನರು. ಮರುದಿನ ಹೆಂಡತಿಯ ವರ್ಷಾಂತಿಕ. ಅವಳ ಫೋಟೋದ ಮುಂದೆ ಹಚ್ಚುವ ದೀಪಕ್ಕೆ ನಮ್ಮ ತೋಟದ ಎಣ್ಣೆಯೇ ಆಗಬೇಕೆಂಬುದು ನನ್ನ ಹಟ.

ಶಿರಾಲಿಯ ನಮ್ಮ ತೆಂಗಿಗೆ ಸಗಣಿಗೊಬ್ಬರ, ಸೊಪ್ಪು ಬಿಟ್ಟರೆ ಬೇರೇನೂ ಬಿದ್ದಿಲ್ಲ. ಕೊಬ್ಬರಿ ಬೆಳ್ಳಗಿರಲೆಂದು ವ್ಯಾಪಾರಿಗಳು ಗಂಧಕದ ಹೊಗೆ ಕೊಡುತ್ತಾರೆ. ಅದಕ್ಕೆ ಅವಳು ಒಪ್ಪುತ್ತಿರಲಿಲ್ಲ. ಬಿಸಿಲಿನಲ್ಲೇ ಒಣಗಬೇಕು. ಮೂವತ್ತು ವರ್ಷ ಆ ಕೆಲಸವನ್ನು ಅವಳೊಬ್ಬಳೇ ನೋಡಿಕೊಂಡಳು. ನಾನು ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಮಾಡಿಸುತ್ತಿದ್ದವನು. ಕೊಬ್ಬರಿಗೆ ಏಳು ದಿನ ಬೇಕೆಂದು ಅವಳು ಹೇಳುತ್ತಿದ್ದುದಷ್ಟೇ ನನಗೆ ನೆನಪಿತ್ತು.

ಈ ಸಲ ಕಾಯಿ ಒಡೆದು ಹರಡಿದವನು ನಾನೇ. ಬೆಳಿಗ್ಗೆ ಎಂಟಕ್ಕೆ ಹೊರಗೆ, ಸಂಜೆ ಐದಕ್ಕೆ ಒಳಗೆ, ನಡುವೆ ಎರಡು ಸಲ ಮಗುಚುವುದು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು. ಏಳನೆಯ ಗೀಟು ಎಳೆದು ಚೀಲದ ಬಾಯಿ ಕಟ್ಟಿದೆ.

ಯಜಮಾನರು ಒಂದು ತುಂಡನ್ನು ಮುರಿಯಲು ನೋಡಿದರು. ಅದು ಮುರಿಯದೆ ಬಾಗಿತು.

"ಎಂತ ಮಾಸ್ತರೇ, ಇದು ಕೊಬ್ಬರಿಯೋ, ಚಪ್ಪಲಿ ಅಟ್ಟೆಯೋ?"

"ಏಳು ದಿನ ಒಣಗಿಸಿದ್ದೇನೆ."

"ಏಳಾಗಿರ್ಬಹುದು. ಇದು ಒಣಗ್ಲಿಲ್ಲ."

ನಾದಿನಿ ಮೆಲ್ಲಗೆ ಹೇಳಿದಳು: "ಭಾವಾ, ನಡುವೆ ಎರಡು ದಿನ ಮೋಡ ಇತ್ತಲ್ಲ. ಅಕ್ಕ ಅಂಥಾ ದಿನ ಲೆಕ್ಕಕ್ಕೇ ಹಿಡೀತಿರ್ಲಿಲ್ಲ."

"ಇನ್ನೆರಡು ದಿನ ಒಣಗಿಸಿ ತನ್ನಿ" ಎಂದರು ಯಜಮಾನರು.

"ನಾಳೆಗೇ ಬೇಕು. ಹಾಕಿ."

"ಆತು. ಆಮೇಲೆ ನನ್ನ ಗಾಣಕ್ಕೆ ಬೈಬೇಡಿ."

ಎಣ್ಣೆ ಮಜ್ಜಿಗೆ ನೀರಿನಂತೆ ಮಸುಕಾಗಿ ಇಳಿಯಿತು. ಅವಳು ಮಾಡಿಸಿದ ಎಣ್ಣೆಯಲ್ಲಿ ಪಾತ್ರೆಯ ತಳ ಸ್ಪಷ್ಟವಾಗಿ ಕಾಣುತ್ತಿತ್ತು. ಮನೆಗೆ ತಂದು ಎರಡು ಸಲ ಬಟ್ಟೆಯಲ್ಲಿ ಸೋಸಿದೆ. ಸಂಜೆ ಆರಕ್ಕೆ ದೀಪಕ್ಕೆ ಹಾಕಿ ಹಚ್ಚಿ ನೋಡಿದೆ. ಬತ್ತಿ ಚಟಪಟ ಸಿಡಿದು ಆರಿತು. ಮತ್ತೆ ಹಚ್ಚಿದೆ; ಮತ್ತೆ ಆರಿತು. ಮೂರನೆಯ ಕಡ್ಡಿ ಗೀರುವಷ್ಟರಲ್ಲಿ ನಾದಿನಿ ನನ್ನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡಳು.

"ಸಾಕು ಭಾವಾ. ಅಕ್ಕ ಎಂತದೂ ಅಂದ್ಕಳ್ಳೂದಿಲ್ಲ."

ಮೂವತ್ತು ವರ್ಷ ಅವಳು ಕೊಬ್ಬರಿ ಹರಡಿದ ಅಂಗಳವನ್ನು ದಾಟಿಯೇ ಶಾಲೆಗೆ ಹೋಗಿದ್ದೆ, ಗಂಟೆ ತಪ್ಪದೆ. ಒಂದು ದಿನವಾದರೂ ನಿಂತು, ಒಣಗಿದ್ದು ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಬಹುದಿತ್ತು. ಕೇಳಿದ್ದರೆ ಅವಳು ಸಂತೋಷದಿಂದ ಹೇಳುತ್ತಿದ್ದಳು.

ಹೆದ್ದಾರಿ ಬದಿಯ ಅಂಗಡಿಗೆ ಹೋಗಿ ಪ್ಯಾಕೆಟ್ ಎಣ್ಣೆ ತಂದೆ. ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದೆ, ಒರೆಸಿದೆ, ಹೊಸ ಬತ್ತಿ ಇಟ್ಟೆ. ಪ್ಯಾಕೆಟಿನ ಮೂಲೆ ಕತ್ತರಿಸಿ ನಾಳೆ ಬೆಳಿಗ್ಗೆ ಹಚ್ಚುವ ದೀಪಕ್ಕೆ ಎಣ್ಣೆ ತುಂಬಿದೆ. ರಾತ್ರಿ ಎಂಟು ಗಂಟೆಗೆ ಆ ಕೆಲಸ ಮುಗಿಯಿತು.