ಮಡಿವಾಳಕ್ಕೊಂದು ಆಳದ ಗೂಡು

ಶಿವಾಜಿನಗರದ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿರುವ ಸ್ವರ್ಣಲತಾ, ಮನೆಯ ಹಿತ್ತಲಿನ ಬೇವಿನ ಮರಕ್ಕೆ ತಾನೇ ಮಾಡಿದ ಹಲಗೆಯ ಗೂಡು ಕಟ್ಟಿದಳು. ಹಕ್ಕಿ ಕೂತು ಹಾಡಲೆಂದು ಬಾಗಿಲ ಮುಂದೆ ಕಡ್ಡಿಯನ್ನೂ ಸಿಕ್ಕಿಸಿದಳು. ಇಂಪಾಗಿ ಹಾಡುವ ಮಡಿವಾಳ ಹಕ್ಕಿಗಳ ಜೋಡಿಯೊಂದು ಬಂದು ಮೊಟ್ಟೆಯಿಟ್ಟಿತು. ಆದರೆ ಒಂದು ಬೆಳಿಗ್ಗೆ ಕಾಗೆ ಅದೇ ಕಡ್ಡಿಯ ಮೇಲೆ ಕೂತು, ಕೊಕ್ಕು ಚಾಚಿ ಮೊಟ್ಟೆಗಳನ್ನೆಲ್ಲ ತಿಂದುಹಾಕಿತು. ಸ್ವರ್ಣಲತಾಳಿಗೆ ಅಂದು ಊಟವೇ ಸೇರಲಿಲ್ಲ.

“ನೀನ ಕಾಗಿಗೆ ಕುರ್ಚಿ ಹಾಕಿ ಕೊಟ್ಟಿ ನೋಡು,” ಎಂದ ಗಂಡ ಮಹಾಲಿಂಗ.

ಮಾತು ಚುಚ್ಚಿದರೂ ನಿಜವೆನಿಸಿತು. ಮರುವರ್ಷ ಅವಳು ಕಡ್ಡಿಯಿಲ್ಲದ, ಮೊದಲಿನದಕ್ಕಿಂತ ಬಹಳ ಆಳದ ಗೂಡು ಮಾಡಿದಳು. ಮರಿಗಳು ಹತ್ತಿ ಬರಲೆಂದು ಒಳಗೋಡೆಯನ್ನು ಮೊಳೆಯಿಂದ ಗೀಚಿ ಒರಟಾಗಿಸಿದಳು. ಮಡಿವಾಳಗಳು ಬಂದವು. ಕಾಗೆಯೂ ಬಂತು, ಗೂಡಿನ ನೆತ್ತಿಯ ಮೇಲೆ ಕೂತು ಬಗ್ಗಿ ಬಗ್ಗಿ ನೋಡಿ, ಏನೂ ಎಟುಕದೆ ಹಾರಿಹೋಯಿತು.

ಮೇ ತಿಂಗಳ ಒಂದು ಭಾನುವಾರ ಮೊದಲ ಮರಿ ಹೊರಗೆ ಬಂದು, ತಡವರಿಸುತ್ತ ಹಾರಿ, ಬಟ್ಟೆ ಒಣಹಾಕುತ್ತಿದ್ದ ಮಹಾಲಿಂಗನ ಭುಜದ ಮೇಲೆಯೇ ಕೂತಿತು.

“ಅಲುಗ್ಯಾಡಬ್ಯಾಡ್ರಿ!” ಎಂದು ಸ್ವರ್ಣಲತಾ ಅಡುಗೆಮನೆಯ ಕಿಟಕಿಯಿಂದ ಪಿಸುಗುಟ್ಟಿದಳು.

“ಉಸಿರರ ಆಡ್ಲೇನು?” ಎಂದು ಅವನೂ ಮೆಲ್ಲಗೆ ಕೇಳಿದ. ಮರಿ ಬೇವಿನ ಕೊಂಬೆಗೆ ಹಾರುವವರೆಗೂ ಒದ್ದೆ ಟವೆಲ್ ಹಿಡಿದು ಕಂಬದಂತೆ ನಿಂತೇ ಇದ್ದ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.